ಗ್ರಂಥಋಣ

ಗುರುವಾರ ಮೂರಕ್ಕೆ
ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನನ್ನ ಪಾಠ:
ಆಕರ ಹುಡುಕುವುದು, ಟಿಪ್ಪಣಿ ಮಾಡಿಕೊಳ್ಳುವುದು,
ಕದಿಯದೆ ಬರೆಯುವುದು,
ಅವರಿವರು ಹೇಳಿದ್ದನ್ನು ಒಮ್ಮೆ ತಾನೇ ಮುಟ್ಟಿ ನೋಡುವುದು.
ಬರುವವರು ನಾಲ್ಕೇ ಮಂದಿ. ಅದರಲ್ಲೊಬ್ಬ
ಫ್ಯಾನಿನ ಗಾಳಿಗೆ.

ಕಾಳಿ ಕಡಲು ಸೇರುವ ಜಾಗವಿದು.
ಉಪ್ಪುಗಾಳಿ ಸದಸ್ಯತ್ವದ ಕಾರ್ಡಿಲ್ಲದೆ ಒಳಬಂದು
ಹಳೆಯ ಪ್ರಬಂಧಗಳ ಪಿನ್ನುಗಳನ್ನೆಲ್ಲ
ಒಂದೊಂದಾಗಿ ಓದಿ ಮುಗಿಸುತ್ತದೆ.
ಮೊದಲ ಪುಟದಲ್ಲಿ ತುಕ್ಕಿನ ಎರಡು ಚುಕ್ಕೆ ಉಳಿಯುತ್ತವೆ,
ಹಾವು ಕಚ್ಚಿದ ಗುರುತಿನಂತೆ.

ನಮ್ರತಾ ತಾಂಡೇಲ ಬಂದದ್ದು ಮಾರ್ಚಿನಲ್ಲಿ.
ಕಾಳಿ ಅಳಿವೆಯ ತಿಸರೆಗಳ ಮೇಲೆ ಹದಿನೇಳು ಪುಟ.
ಮೊದಲ ಹತ್ತು ಹೊಸ ಸ್ಟೀಲು ಪಾತ್ರೆಯಂತೆ ಹೊಳೆಯುತ್ತಿದ್ದವು,
ಯಾರ ಹೆಸರನ್ನೂ ಕೊರೆಸಿರಲಿಲ್ಲ.
‘ಇದು ಯಾರ ವಾಕ್ಯ?’
‘ಕಂಪ್ಯೂಟರಿನಲ್ಲಿತ್ತು, ಮೇಡಂ.’
‘ಕಂಪ್ಯೂಟರಿಗೆ ಯಾವ ಊರು? ಯಾವ ಇಸವಿ?’
ನಕ್ಕಳು. ಎರಡು ವಾರ ಜೊತೆಗೆ ಕೂತು
ಒಂದೊಂದು ವಾಕ್ಯವನ್ನೂ ಅದರದರ ಮನೆಗೆ ಮುಟ್ಟಿಸಿ ಬಂದೆವು.
ಮೂರಕ್ಕೆ ಮನೆಯೇ ಸಿಗಲಿಲ್ಲ, ಹೊಡೆದುಹಾಕಿದೆವು.

ಹನ್ನೊಂದನೇ ಪುಟದಲ್ಲಿ ಮಾತ್ರ ಒಂದು ಸಾಲು
ಕೆಸರು ಮೆತ್ತಿಕೊಂಡು ಮಂಕಾಗಿ ಕೂತಿತ್ತು:
ಮರಳು ತೆಗೆದ ಮೇಲೆ ತಿಸರೆ ಸೇತುವೆಯ ಕೆಳಮಗ್ಗುಲಿಗೆ ಸರಿದಿದೆ,
ಚಿಪ್ಪು ತೆಳುವಾಗಿದೆ, ಉಗುರಿಗೆ ತಿಳಿಯುತ್ತದೆ.
ಪಕ್ಕದಲ್ಲಿ ಮಾರ್ಗದರ್ಶಕರ ಕೆಂಪು ಶಾಯಿ: ಆಧಾರ?
ಅಳಿಸಲು ಹೊರಟಿದ್ದಳು.
‘ಕೋಣೆ ಸಾಂಗ್ಲೆ?’ ಎಂದೆ,
ಇಂಥದಕ್ಕೆ ಕಚೇರಿಯ ಭಾಷೆ ಸಾಲದು ಅನ್ನಿಸಿ.
‘ಮಾವಶಿ.’
ಅಷ್ಟೇ. ತಪ್ಪು ಒಪ್ಪಿಕೊಂಡವಳ ಹಾಗೆ.

ಮಾವಶಿ ಮೂವತ್ತು ವರ್ಷದಿಂದ ಇಳಿತದ ಹೊತ್ತಿಗೆ
ಸೊಂಟದ ನೀರಲ್ಲಿ ನಿಂತು ಕಾಲ್ಬೆರಳಲ್ಲಿ ಹುಡುಕುವವಳು,
ಬುಟ್ಟಿ ಹೊತ್ತು ಕಾರವಾರದ ಪೇಟೆಗೆ ಹೋಗುವವಳು.
ನಮ್ಮ ಕ್ಯಾಟಲಾಗಿನಲ್ಲಿ ಅವಳ ಹೆಸರು ಒತ್ತಿದರೆ
‘ಯಾವುದೇ ಫಲಿತಾಂಶವಿಲ್ಲ.’

ನಿಯಮಾವಳಿಯ ದಪ್ಪ ಪುಸ್ತಕ ಇಳಿಸಿದೆ,
ಧೂಳಿಗೆ ಇಬ್ಬರೂ ಸೀನಿದೆವು.
ಇತ್ತು, ಎಲ್ಲೋ ಕೊನೆಗೆ, ಇರುವೆಯಷ್ಟು ಅಕ್ಷರದಲ್ಲಿ:
ಅಚ್ಚಾಗದ ಮಾತು ಬಾಯಿಂದ ಕೇಳಿದ್ದಾದರೆ
ಹೆಸರು, ಊರು, ತಾರೀಖು.
ಮತ್ತೆ, ಇದು ನಾನು ಸೇರಿಸಿದ್ದು,
ಹೇಳಿದವಳ ಒಪ್ಪಿಗೆ.

ಒಪ್ಪಿಗೆಗೆ ಎಂಟು ದಿನ ಹಿಡಿಯಿತು.
‘ಹೆಸರು ಹಾಕಿದರೆ ಮರಳಿನವರು ಮನೆಗೆ ಬರುತ್ತಾರೇನೆ?’
ಎಂದಳಂತೆ. ಅದಕ್ಕೆ ನಮ್ಮ ಯಾವ ಪುಸ್ತಕದಲ್ಲೂ ಉತ್ತರವಿಲ್ಲ.
‘ಬೇಡವೆಂದರೆ ಬೇಡ. ಕೋಡಿಬಾಗದ ಒಬ್ಬ ಹೆಂಗಸು ಎಂದು ಬರೆ.’
ಮರುದಿನವೇ ಹೇಳಿಕಳಿಸಿದಳು:
‘ಒಬ್ಬ ಹೆಂಗಸು ಎಂದರೆ ಯಾರು?
ಆಚೆಮನೆಯ ರುಕ್ಮಾನೂ ಹೆಂಗಸೇ, ಅವಳಿಗೇನು ಗೊತ್ತು?
ನನ್ನದೇ ಹಾಕು.’

ತಾರೀಖು?
‘ಸಂಕ್ರಾಂತಿ ಕಳೆದು ಬಂದ ಅಮಾಸೆ, ನೀರು ಬಹಳ ಇಳಿದಿತ್ತು.’
ಗೋಡೆಯ ಪಂಚಾಂಗವನ್ನೂ
ಬಂದರಿನ ಭರತ ಇಳಿತದ ಪಟ್ಟಿಯನ್ನೂ
ಅಕ್ಕಪಕ್ಕ ಹರಡಿ ನೋಡಿದೆವು.
ಎರಡೂ ಒಂದೇ ದಿನಕ್ಕೆ ಬೆರಳಿಟ್ಟವು.
ಫ್ಯಾನಿನ ಹುಡುಗನೂ ಎದ್ದು ಬಂದ.

ಈಗ ಕಪಾಟಿನಲ್ಲಿದೆ ಪ್ರಬಂಧ. ನೈಲಾನ್ ದಾರದ ಹೊಲಿಗೆ,
ಪಿನ್ನು ಕೂಡದೆಂದು ನಾನು ಹಟ ಹಿಡಿದದ್ದು.
ಕೊನೆಯ ಪುಟಗಳಿಗೆ ಹಳೆಯ ತಲೆಬರಹ, ಗ್ರಂಥಋಣ.
ನಾರ್ವೆಯ ಒಬ್ಬ ಪ್ರೊಫೆಸರರ ಹಿಂದುಮುಂದೆಲ್ಲೋ
ದುರ್ಗೇಕರ, ಶೇವಂತಿ. ಮೌಖಿಕ. ಕೋಡಿಬಾಗ.
‘ಇವರು ಗ್ರಂಥವಲ್ಲವಲ್ಲ’ ಎಂದರು ಕಚೇರಿಯಲ್ಲಿ.
‘ಋಣ ಹೌದಲ್ಲ’ ಎಂದೆ.

ಆ ಸಂಜೆ ಒಂದು ಚೀಲ ತಿಸರೆ ಬಂತು.
ದಾಖಲೆಯ ವಹಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ,
ಮನೆಗೆ ತಂದೆ.
ಕಾಯಿ ತುರಿದಿಟ್ಟು, ಒಲೆ ಹೊತ್ತಿಸುವ ಮುಂಚೆ
ಒಂದು ಚಿಪ್ಪಿನ ಅಂಚಿಗೆ ಉಗುರು ಒತ್ತಿ ನೋಡಿದೆ.

ತೆಳುವಾಗಿಯೇ ಇತ್ತು.